ರೋಲಿನ ನಡುವಿನ ಗುಳ್ಳೆ

ನಮ್ಮ ಮನೆ ಮಸ್ಕಿಯಲ್ಲಿ. ಬೆಳಿಗ್ಗೆ ಏಳೂವರೆಗೆ ಅಪ್ಪ ಸಿಂಧನೂರಿನ ಬಸ್ಸು ಹತ್ತುತ್ತಾನೆ, ನಾನು ಲಿಂಗಸುಗೂರಿನ ಬಸ್ಸು ಹತ್ತುತ್ತೇನೆ. ಅವನು ಅಂಟು ಹಚ್ಚಲು ಹೋಗುತ್ತಾನೆ, ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಲು. ಇಬ್ಬರಲ್ಲಿ ಯಾರ ಕೆಲಸ ಹೆಚ್ಚು ದಿನ ನಿಲ್ಲುತ್ತದೆ ಎಂದು ಕೇಳಿದರೆ ಅಪ್ಪ ಲಾಲಪ್ಪ ತನ್ನದೇ ಅನ್ನುತ್ತಿದ್ದ. ನನ್ನ ಪಾಠ ಗಂಟೆ ಹೊಡೆದ ಕೂಡಲೇ ಹುಡುಗರ ತಲೆಯಿಂದ ಕಿತ್ತು ಬರುತ್ತದಂತೆ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಸಿಂಧನೂರಿನ ಸುತ್ತಲಿನ ರೈಸ್ ಮಿಲ್ಲುಗಳಲ್ಲಿ ಭತ್ತದ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಎರಡು ರೋಲುಗಳಿರುತ್ತವೆ. ಒಳಗೆ ಕಬ್ಬಿಣದ ಡ್ರಮ್ಮು, ಮೇಲೆ ದಪ್ಪ ರಬ್ಬರು. ಎರಡೂ ಎದುರುಬದುರಾಗಿ ತಿರುಗುತ್ತವೆ, ಒಂದು ಬೇಗ, ಇನ್ನೊಂದು ನಿಧಾನ. ನಡುವೆ ಸಿಕ್ಕ ಕಾಳು ಆ ಎಳೆದಾಟದಲ್ಲಿ ಸಿಪ್ಪೆ ಕಳಚಿಕೊಳ್ಳುತ್ತದೆ. ರಬ್ಬರು ಸವೆದ ಮೇಲೆ ಡ್ರಮ್ಮು ಅಮರಗುಂಡಪ್ಪನವರ ವರ್ಕ್‌ಶಾಪಿಗೆ ಬರುತ್ತದೆ. ಅಲ್ಲಿ ಅದನ್ನು ಉಜ್ಜಿ, ತೊಳೆದು, ಎರಡು ಸಲ ಅಂಟು ಹಚ್ಚಿ, ಹೊಸ ರಬ್ಬರ್ ಹಾಳೆ ಸುತ್ತಿ ಉಗಿಯಲ್ಲಿ ಬೇಯಿಸುತ್ತಾರೆ. ಅಂಟಿನ ಮೇಜು ಇಪ್ಪತ್ತಾರು ವರ್ಷದಿಂದ ಅಪ್ಪನದು. ಅವನು ಅಂಟು ಹಚ್ಚಿದ ರೋಲು ತೊಂಬತ್ತು ತಾಸು ತಿರುಗುತ್ತದೆ, ಸವೆದು ತೆಳ್ಳಗಾಗುತ್ತದೆಯೇ ಹೊರತು ಕಬ್ಬಿಣ ಬಿಟ್ಟು ಏಳುವುದಿಲ್ಲ. ಹಾಗೆಂದು ಮಿಲ್ಲಿನವರೇ ಹೇಳುತ್ತಿದ್ದರು, ಹೋದ ದೀಪಾವಳಿಯವರೆಗೆ.

ದೀಪಾವಳಿಯ ನಂತರ ರೋಲುಗಳು ಕೈಕೊಡತೊಡಗಿದವು. ಒಂದೇ ದಿನದಲ್ಲಿ ರಬ್ಬರಿನ ಮೇಲೆ ಗುಳ್ಳೆ ಏಳುವುದು, ಗುಳ್ಳೆ ಹರಿದು ತುಂಡು ಹಾರುವುದು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಹತ್ತಿರ ಮಿಲ್ಲು ನಡೆಸುವ ಗೋಪಣ್ಣ ಎಂಬ ತೆಲುಗಿನವರು ಒಂದು ಮಧ್ಯಾಹ್ನ ವರ್ಕ್‌ಶಾಪಿಗೆ ಬಂದು ಎಲ್ಲರೆದುರು ಕೂಗಾಡಿದರು. ಅಮರಗುಂಡಪ್ಪನವರು ಅಂದೇ ತೀರ್ಮಾನ ಮಾಡಿಬಿಟ್ಟರು.

ಅಪ್ಪ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅರ್ಧ ರೊಟ್ಟಿಗೆ ಕೈ ತೊಳೆದಾಗ ಅವ್ವ ಮುದುಕಮ್ಮ ಬಿಡದೆ ಕೇಳಿ ವಿಷಯ ಹೊರಗೆಳೆದಳು, ನನಗೆ ತಂದು ಮುಟ್ಟಿಸಿದಳು.

"ಅಂಟಿನ ಮೇಜಿನಿಂದ ಎಬ್ಬಸ್ತಾರಂತ ನಿಮ್ಮಪ್ಪನ್ನ. ಕೈ ನಡುಗಾಕತ್ತೈತಿ ಅಂದಾರಂತ. ಈ ತಿಂಗಳು ಮುಗಿದ ಮ್ಯಾಲ ಡ್ರಮ್ ತೊಳಿಯಾಕ ನಿಲ್ಲಬೇಕಂತ. ಹೈದರಾಬಾದಿಂದ ಯಾರೋ ಬರ್ತಾನಂತ. ಪಗಾರ ಅಷ್ಟೇ ಕೊಡ್ತಾರಂತ ಬಿಡು."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪಗಾರ ಅಷ್ಟೇ ಕೊಟ್ಟರೆ ಆಯಿತೇ? ಇಪ್ಪತ್ತಾರು ವರ್ಷ ತಾನು ಅಂಟು ಹಚ್ಚಿದ ಮೇಜಿನ ಎದುರು ನಿಂತು, ಬೇರೆಯವನು ಹಚ್ಚಲಿ ಎಂದು ಡ್ರಮ್ಮು ತೊಳೆದುಕೊಡಬೇಕೇ ನನ್ನಪ್ಪ? ಮರುದಿನ ಎದ್ದವಳೇ ಕಾಲೇಜಿಗೆ ರಜೆ ಹಾಕಿ ಅಪ್ಪನ ಬಸ್ಸಿಗೇ ಹತ್ತಿದೆ. ಅವನು ಬೇಡ ಅಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಮರಗುಂಡಪ್ಪನವರು ನನ್ನನ್ನು ಫ್ರಾಕು ಹಾಕುವ ಕಾಲದಿಂದ ಬಲ್ಲವರು. ಕೆಟ್ಟ ಮನುಷ್ಯರಲ್ಲ, ಆದರೆ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರೂ ಅಲ್ಲ.

"ಸಾವ್ಕಾರ್ರೀ, ಅಪ್ಪನ ಕೈ ನಡುಗ್ತೈತಿ ಅಂತ ಯಾರ್ ಹೇಳಿದ್ರು ನಿಮಗ?"

"ರೋಲ್ ಹೇಳಾಕತ್ಯಾವಲ್ಲಬೇ ತಂಗಿ. ಅಂಟು ಒಂದೇ ಸಮ ಕುಂತಿಲ್ಲ ಅಂದ್ರ ಏಳ್ತಾವ. ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕು?"

"ನನ್ನ ಎಂ.ಟೆಕ್ ಪೂರಾ ಇದ್ರ ಮ್ಯಾಲೇ ಆಗೈತಿ ರೀ. ಅಂಟಿದ್ದು ಹೆಂಗ ಬಿಡ್ತೈತಿ ಅನ್ನೂದ್ರ ಮ್ಯಾಲೆ. ಹದಿನೈದು ದಿನ ಕೊಡ್ರಿ, ಲೆಕ್ಕ ಹಾಕಿ ತೋರಿಸ್ತೀನಿ."

ಅವರು ನಕ್ಕರು, ಆದರೆ ಹದಿನೈದು ದಿನ ಕೊಟ್ಟರು. ಅಲ್ಲಿಯವರೆಗೆ ಹೊಸ ರೋಲು ಮಾಡುವುದನ್ನೇ ನಿಲ್ಲಿಸಿದರು.

ಆ ದಿನವೇ ನಾನು ಮೇಜಿನ ಪಕ್ಕದಲ್ಲಿ ನಿಂತು ಅಪ್ಪನ ಕೈಯಿಂದ ಇಪ್ಪತ್ತು ಕಬ್ಬಿಣದ ಪಟ್ಟಿಗಳಿಗೆ ಅಂಟು ಹಚ್ಚಿಸಿದೆ. ಅವನು ಮೊದಲ ಸಲದ ಅಂಟು ಹಚ್ಚಿದ, ಕಾದ, ಹೆಬ್ಬೆರಳು ಒತ್ತಿ ಒಣಗಿತೇ ಎಂದು ನೋಡಿದ, ಎರಡನೇ ಸಲದ್ದು ಹಚ್ಚಿದ, ಮೇಲೆ ರಬ್ಬರು ಕೂರಿಸಿದ. ಕೈ ಎಲ್ಲಿ ನಡುಗುತ್ತದೆ ಎಂದು ಕಣ್ಣಿಟ್ಟು ನೋಡಿದೆ. ಎಲ್ಲೂ ಇಲ್ಲ. ಬೇಯಿಸಿದ ಪಟ್ಟಿಗಳನ್ನು ಚೀಲಕ್ಕೆ ತುಂಬಿಕೊಂಡು ಲಿಂಗಸುಗೂರಿಗೆ ಒಯ್ದು ಕಾಲೇಜಿನ ಯಂತ್ರದಲ್ಲಿ ಒಂದೊಂದನ್ನೇ ಎಳೆಸಿದೆ. ಇಪ್ಪತ್ತೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬಿಟ್ಟವು. ಅದೂ ಅಂಟಿನ ಕಂಪನಿ ತನ್ನ ಹಾಳೆಯಲ್ಲಿ ಬರೆದುಕೊಂಡದ್ದಕ್ಕಿಂತ ಹೆಚ್ಚು ಎಳೆದ ಮೇಲೆ. ಯಂತ್ರದ ಎದುರು ನಿಂತು ನಾನು ಒಬ್ಬಳೇ ನಕ್ಕೆ.

ಅಂಟಿಕೊಂಡ ಎರಡು ಮೈಗಳು ಒಮ್ಮೆಲೇ ಬಿಡುವುದಿಲ್ಲ. ಎಳೆದರೆ ಮೊದಲು ತಡೆಯುತ್ತವೆ, ಒಂದು ಮಟ್ಟ ದಾಟಿದ ಮೇಲೆ ಸೋಲತೊಡಗುತ್ತವೆ, ಸೋತು ಸೋತು ಕೊನೆಗೆ ಬಿಡುತ್ತವೆ. ಎಷ್ಟು ಎಳೆದರೆ ಸೋಲು ಶುರುವಾಗುತ್ತದೆ, ಪೂರ್ತಿ ಬಿಡಿಸಲು ಎಷ್ಟು ಶಕ್ತಿ ಬೇಕು, ಪ್ರತಿ ಸುತ್ತಿಗೆ ಎಷ್ಟೆಷ್ಟು ದಣಿಯುತ್ತದೆ ಎಂಬುದು ಪಟ್ಟಿಗಳಿಂದ ಗೊತ್ತಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಇಡೀ ರೋಲನ್ನು ಸಾವಿರಾರು ಸಣ್ಣ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಅಡಿಯಲ್ಲೂ ಇದೇ ನಿಯಮ ಇಟ್ಟು ತಿರುಗಿಸಿದರೆ, ಬಿರುಕು ಎಲ್ಲಿ ಹುಟ್ಟಿ ಎತ್ತ ಹೋಗುತ್ತದೆ ಎಂದು ಕಣ್ಣಾರೆ ನೋಡಬಹುದು. ಕೊಹೆಸಿವ್ ಕಾಂಟ್ಯಾಕ್ಟ್ ಎಂದು ಹುಡುಗರಿಗೆ ಪಾಠದಲ್ಲಿ ಬರೆಸುತ್ತೇನೆ. ಅವ್ವನಿಗೆ ಹೇಳಿದಾಗ, "ಅಂದ್ರ ಗಾಯದ ಪಟ್ಟಿ ಕಿತ್ತಂಗ, ತುದಿಯಿಂದ" ಎಂದಳು. ಒಂದು ಸೆಮಿಸ್ಟರಿನ ಪಾಠ ಒಂದೇ ಮಾತಿನಲ್ಲಿ ಮುಗಿಸಿದಳು.

ಕಂಪ್ಯೂಟರೂ ಅವ್ವನ ಮಾತನ್ನೇ ಹೇಳಿತು. ಅಪ್ಪ ಹಚ್ಚಿದ ಅಂಟಿಗೆ ರಬ್ಬರು ಬಿಡುವುದಾದರೆ ಅಂಚಿನಿಂದ ಬಿಡಬೇಕು, ಅದೂ ತೊಂಬತ್ತು ತಾಸು ದಾಟಿದ ಮೇಲೆ. ನಾನು ಕಾಗದ ಹಿಡಿದು ಜಂಬದಿಂದ ಸಿಂಧನೂರಿಗೆ ಹೋದೆ. ಅಮರಗುಂಡಪ್ಪನವರು ಕೂಡಲೇ ಗೋಪಣ್ಣನವರಿಗೆ ಫೋನು ಮಾಡಿ, ಅವರು ಕಳಿಸಿದ ಫೋಟೊಗಳನ್ನು ನನ್ನ ಮುಖಕ್ಕೆ ಹಿಡಿದರು. ಹರಿಯುವ ಮೊದಲು ತೆಗೆದ ಫೋಟೊ. ಗುಳ್ಳೆ ಎದ್ದದ್ದು ರೋಲಿನ ನಟ್ಟನಡುವೆ. ಅಂಚು ಗಟ್ಟಿಯಾಗಿ ಕೂತಿತ್ತು.

"ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು" ಎಂದರು ಅವರು. "ನಿನ್ನ ಕಂಪ್ಯೂಟರ್ ಅಂಚು ಅಂತೈತಿ, ರೋಲ್ ನಡುವ ಅಂತೈತಿ. ನಾ ಯಾರ ಮಾತು ಕೇಳಲಿ?"

"ಎರಡ್ರದೂ ಕೇಳ್ರಿ. ಅಂಟು ಎಲ್ಲಾ ಕಡೆ ಸಮ ಇದ್ರ ಅಂಚಿಂದ ಏಳಬೇಕು. ನಡುವ ಎದ್ದೈತಿ ಅಂದ್ರ ನಡುವ ಎಲ್ಲೋ ಅಂಟೇ ಹಿಡಿದಿಲ್ಲ. ಲೆಕ್ಕ ಸುಳ್ಳಲ್ರಿ, ನಾ ಲೆಕ್ಕಕ್ಕ ಕೊಟ್ಟಿದ್ದು ಅರ್ಧ ಖರೆ."

"ಅದನ್ನ ನಾನೂ ಹೇಳಿದ್ದು. ಕೈ ನಡುಗೈತಿ ಅಂತ."

ಮಾತಿಗೆ ಮಾತು ಬೆಳೆಸಿ ಉಪಯೋಗವಿರಲಿಲ್ಲ. ಹರಿದ ರೋಲಿನ ಕಬ್ಬಿಣ ನೋಡಿದ್ದರೆ ಅಂಟು ಎಲ್ಲಿ ಹಿಡಿದಿಲ್ಲ ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆದರೆ ಇಲ್ಲಿನ ಮಿಲ್ಲುಗಳಲ್ಲಿ ಒಂದು ರೂಢಿಯಿದೆ. ಹಳೆಯ ರಬ್ಬರನ್ನು ಹೊಟ್ಟಿನ ಬೆಂಕಿಯಲ್ಲಿ ಸುಟ್ಟು, ಬರೀ ಡ್ರಮ್ಮನ್ನೇ ವರ್ಕ್‌ಶಾಪಿಗೆ ಕಳಿಸುತ್ತಾರೆ. ಎಲ್ಲ ಸಾಕ್ಷಿಯೂ ಹೊಗೆಯಾಗಿ ಹೋಗಿತ್ತು. ನನ್ನ ಹತ್ತಿರ ಉಳಿದದ್ದು ಮೂರು ರೋಲಿನ ಏಳು ಫೋಟೊ, ಮತ್ತು ಯಾವ ರೋಲು ಎಷ್ಟು ತಾಸಿಗೆ ಹರಿಯಿತು ಎಂದು ಗೋಪಣ್ಣನವರ ಮಿಲ್ಲಿನಲ್ಲಿ ಬರೆದಿಟ್ಟ ಹಾಳೆ.

ಹಾಗಾದರೆ ಹಿಂದುಮುಂದಾಗಿ ಹೋಗೋಣ ಎಂದುಕೊಂಡೆ. ಅಂಟು ಹಿಡಿಯದ ಜಾಗ ಎಷ್ಟು ದೊಡ್ಡದು, ಯಾವ ಆಕಾರದ್ದು, ಎಲ್ಲೆಲ್ಲಿ ಇದ್ದರೆ ಇದೇ ಗುಳ್ಳೆ ಇದೇ ತಾಸಿಗೆ ಏಳುತ್ತದೆ? ಉದ್ದ ಗೆರೆ ಇಟ್ಟು ನೋಡಿದೆ, ಬೇಗ ಹರಿಯಿತು. ಒಂದೇ ದೊಡ್ಡ ಮಚ್ಚೆ ಇಟ್ಟೆ, ಗುಳ್ಳೆಯ ಆಕಾರ ಹೊಂದಲಿಲ್ಲ. ಸಣ್ಣ ಸಣ್ಣ ಚುಕ್ಕೆ ಚೆಲ್ಲಿದೆ, ಗುಳ್ಳೆಯೇ ಏಳಲಿಲ್ಲ. ಪಾಠದ ನಡುವೆ, ಊಟದ ನಡುವೆ, ಪರೀಕ್ಷೆಯ ಹಾಲಿನಲ್ಲಿ ಹುಡುಗರನ್ನು ಕಾಯುತ್ತ ಕೂಡ ಇದೇ ಯೋಚನೆ. ಹತ್ತು ದಿನದಲ್ಲಿ ಅರವತ್ನಾಲ್ಕು ಸಲ ರೋಲನ್ನು ತಿರುಗಿಸಿದೆ. ಅರವತ್ನಾಲ್ಕನೆಯದು ಏಳಕ್ಕೆ ಏಳೂ ಫೋಟೊಗೆ ಕೂತಿತು. ರೋಲಿನ ಅಗಲಕ್ಕೆ ಒಂದೇ ಸಾಲಿನಲ್ಲಿ ಮೂರು ಕಲೆ, ಮೊಟ್ಟೆಯಾಕಾರದವು, ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಬೆರಳಿನ ಅಂತರ. ಮೊದಲು ಸೋಲುವುದು ನಡುವಿನ ಕಲೆ.

ನನಗೆ ಆಗಲೇ ಅಪರಾಧಿ ಸಿಕ್ಕಿದ್ದ. ಅಂಟಿನ ಡಬ್ಬಿ. ಕಂಪನಿಯವರ ಅಂಟಿನಲ್ಲಿ ಗಾಳಿಗುಳ್ಳೆ ಸೇರಿವೆ, ಅವು ಒಣಗುವಾಗ ಹೀಗೆ ಕಲೆ ಬೀಳುತ್ತವೆ! ಗಾಳಿಗುಳ್ಳೆ ಸಾಲು ಹಿಡಿದು ನಿಲ್ಲುವುದು ಯಾಕೆ ಎಂದು ಒಂದು ಕ್ಷಣ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅಪ್ಪನ ತಪ್ಪಲ್ಲ ಎಂದು ಹೇಳುವ ಅವಸರ ನನಗೆ. ಮೂರು ಕಲೆಯ ಚಿತ್ರವನ್ನು ಅಳತೆ ತಪ್ಪದಂತೆ ದೊಡ್ಡ ಹಾಳೆಯಲ್ಲಿ ಮುದ್ರಿಸಿಕೊಂಡು ಶನಿವಾರ ಸಿಂಧನೂರಿಗೆ ಹೋದೆ. ಗೋಪಣ್ಣನವರನ್ನೂ ಕರೆಸಿದ್ದೆ.

ಬರಿಯ ಡ್ರಮ್ಮೊಂದಕ್ಕೆ ಹಾಳೆಯನ್ನು ಸುತ್ತಿ ನಿಲ್ಲಿಸಿದೆ.

"ನೋಡ್ರಿ. ಈ ಮೂರು ಜಾಗದಾಗ ಅಂಟು ಹಿಡಿದಿಲ್ಲ. ಇದು ಡಬ್ಬಿಯೊಳಗಿನ ಗಾಳಿ. ಕೈ ಅಲ್ಲ."

ಗೋಪಣ್ಣನವರು ಕನ್ನಡಕ ಹಾಕಿಕೊಂಡು ಬಗ್ಗಿದರು. "ಏಮಮ್ಮಾ, ನೀ ನೋಡಿದಂಗೇ ಹೇಳ್ತೀಯಲ್ಲಾ!" ಎಂದರು.

ಅಪ್ಪ ದೂರದಲ್ಲಿ ನಿಂತಿದ್ದವನು ಹತ್ತಿರ ಬಂದ. ಹಾಳೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಲಗೈಯ ಹೆಬ್ಬೆರಳನ್ನು ಮೊದಲ ಕಲೆಯ ಮೇಲೆ ಇಟ್ಟ. ಕಲೆ ಪೂರ್ತಿ ಮುಚ್ಚಿತು. ಕೈ ಎತ್ತಿ ನಾಲ್ಕು ಬೆರಳು ಆಚೆ ಎರಡನೆಯದರ ಮೇಲೆ ಇಟ್ಟ, ಆಮೇಲೆ ಮೂರನೆಯದರ ಮೇಲೆ. ನೋಡಿ ಇಡುತ್ತಿರಲಿಲ್ಲ, ಕೈ ತಾನೇ ಹೋಗಿ ಕೂರುತ್ತಿತ್ತು.

"ಗಾಳಿ ಅಲ್ಲವ್ವಾ ಇದು" ಎಂದ. "ನನ್ನ ಹೆಬ್ಬಟ್ಟು."

ನಾನು ಅವನ ಕೈ ಹಿಡಿದು ಹಿಂದಕ್ಕೆ ಎಳೆದೆ. "ಅಪ್ಪಾ, ನೀ ಸುಮ್ಮನಿರು. ಪಟ್ಟಿಗೂ ಹೆಬ್ಬಟ್ಟು ಒತ್ತಿದ್ದಿ. ಅವಕ್ಕೇನಾತು? ಇಪ್ಪತ್ತೂ ಗಟ್ಟಿ ಇದ್ದವು."

"ಆವತ್ತು ನೀ ಎದುರಿಗೆ ಇದ್ದಿ. ತಿಕ್ಕಿರ್ಲಿಲ್ಲ."

ಸೊಂಟದಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟ. ಒಳಗೆ ತಂಬಾಕು, ಮತ್ತು ಸುಣ್ಣದ ಸಣ್ಣ ಡಬ್ಬಿ.

ಈಗ ನನ್ನ ತಪ್ಪನ್ನು ನಾನೇ ಹೇಳಬೇಕು. ದಸರೆ ಎಂದರೆ ನಮ್ಮಂಥ ಬೌದ್ಧರಿಗೆ ಧಮ್ಮದೀಕ್ಷೆಯ ದಿನ; ಅಂದು ಮನೆಯಲ್ಲಿ ಬುದ್ಧವಂದನೆ ಮುಗಿದ ಮೇಲೆ, ಬೀಡಿ ಬಿಡದಿದ್ದರೆ ನಾನು ಊಟ ಮಾಡುವುದಿಲ್ಲ ಎಂದು ಹಟ ಹಿಡಿದು ಕೂತವಳು ನಾನು. ಬೀಡಿ ಸೇದುವುದಿಲ್ಲ ಎಂದು ಅಪ್ಪ ಆಣೆ ಮಾಡಿದ, ಸೇದಲೂ ಇಲ್ಲ. ತಂಬಾಕು ತಿಕ್ಕುವುದಕ್ಕೆ ಆಣೆ ಅಡ್ಡ ಬರಲಿಲ್ಲ. ಅಂಟಿಗೆ ಬೆಂಕಿ ತಗುಲಬಾರದೆಂದು ಬೀಡಿ ಸೇದುವಾಗ ಹೊರಗೆ ಹೋಗುತ್ತಿದ್ದ, ಸೇದಿ ಬಂದು ಕೈ ತೊಳೆಯುತ್ತಿದ್ದ. ತಂಬಾಕಿಗೆ ಬೆಂಕಿ ಬೇಕಿಲ್ಲವಲ್ಲ. ಮೇಜಿನ ಪಕ್ಕದಲ್ಲೇ ನಿಂತು, ಅಂಗೈಯಲ್ಲಿ ಸುಣ್ಣ ಹಾಕಿ ಹೆಬ್ಬೆರಳಿನಿಂದ ತಿಕ್ಕಿ, ಬಾಯಿಗೆ ಹಾಕಿಕೊಂಡು, ಅದೇ ಹೆಬ್ಬೆರಳನ್ನು ಒಣಗುತ್ತಿರುವ ಅಂಟಿನ ಮೇಲೆ ಒತ್ತಿ ನೋಡುತ್ತಿದ್ದ. ಸುಣ್ಣ ತಾಗಿದ ಕಡೆ ಅಂಟು ಹಿಡಿಯುತ್ತಿರಲಿಲ್ಲ. ಮಗಳಿಗೆ ಗೊತ್ತಾಗಬಾರದೆಂದು ಮುಚ್ಚಿಟ್ಟ ಚಟ ಮೂರು ತಿಂಗಳಿಂದ ರೋಲಿನೊಳಗೆ ಹೋಗಿ ಕೂರುತ್ತಿತ್ತು.

ಅಮರಗುಂಡಪ್ಪನವರು ಅಪ್ಪನನ್ನೂ ನನ್ನನ್ನೂ ಒಮ್ಮೆ ನೋಡಿದರು. "ನಾ ನಂಬಂಗಿಲ್ಲ. ಉಗುರಿನಷ್ಟು ಸುಣ್ಣಕ್ಕ ರೋಲ್ ಹರೀತೈತೇನು? ಮಗಳು ಚಿತ್ರ ತಂದ್ಲು, ಅಪ್ಪ ಬೆರಳಿಟ್ಟ. ನಡುಗೋ ಕೈ ಮುಚ್ಚಾಕ ಇಬ್ಬರೂ ಕೂಡಿ ಆಟ ಹೂಡೀರಿ."

ಅಪ್ಪನಿಗೆ ಸಿಟ್ಟು ಬಂದದ್ದನ್ನು ನಾನು ಹೆಚ್ಚು ನೋಡಿದವಳಲ್ಲ. ಅಂದು ಬಂತು.

"ಸಾವ್ಕಾರ್ರ, ತಪ್ಪು ಮಾಡೀನಿ ಅನ್ರಿ, ಒಪ್ಪತೀನಿ. ಸುಳ್ಳು ಹೇಳ್ಯಾನ ಅನಬ್ಯಾಡ್ರಿ. ಎರಡು ರೋಲ್ ಮಾಡ್ತೀನಿ. ಒಂದಕ್ಕ ತಂಬಾಕು ತಿಕ್ಕಿದ ಹೆಬ್ಬಟ್ಟು, ಒಂದಕ್ಕ ತೊಳದ ಹೆಬ್ಬಟ್ಟು. ಎರಡೂ ಒಂದೇ ಮಿಷನ್ನಿಗೆ ಹಾಕ್ರಿ. ತೊಳದದ್ದು ಎದ್ದಿತೋ, ಅವತ್ತೇ ಮೇಜು ಬಿಡ್ತೀನಿ. ಡ್ರಮ್ ತೊಳಿಯಾಕೂ ಬರಂಗಿಲ್ಲ."

"ತಿಕ್ಕಿದ್ದು ಹರೀಲಿಲ್ಲಂದ್ರ?"

ಅದಕ್ಕೆ ಉತ್ತರ ನಾನು ಕೊಟ್ಟೆ. "ಹರೀತೈತಿ. ನಿಧಾನ ತಿರುಗೋ ಕಡೆಗೇ ಅದನ್ನ ಹಾಕ್ರಿ, ಬೇಗ ತಿರುಗಿದ್ದಕ್ಕ ಹರೀತು ಅಂತ ಆಮ್ಯಾಲೆ ಯಾರೂ ಅನಬಾರದು. ಬೆಳಿಗ್ಗೆ ಆರಕ್ಕ ಚಾಲೂ ಮಾಡಿದ್ರ ಹನ್ನೊಂದನೇ ತಾಸಿನಾಗ ಹರೀತೈತಿ. ನಡುವಿನ ಕಲೆಯಿಂದ."

ಗೋಪಣ್ಣನವರು ಒಪ್ಪಿದರು. ಮೂರು ಸಲ ರೋಲು ಹರಿಸಿಕೊಂಡವರು ನಾಲ್ಕನೆಯದನ್ನು ಬೇಕೆಂದೇ ಹರಿಸಿಕೊಳ್ಳಲು ಒಪ್ಪಿದ್ದು ದೊಡ್ಡ ಮಾತು. ಲೆಕ್ಕ ಹಾಕಿ ತಾಸು ಹೇಳುವ ಹೆಣ್ಣುಮಗಳನ್ನು ತಾವು ನೋಡಿಲ್ಲ, ಅದಕ್ಕೇ ಒಪ್ಪಿದ್ದು ಎಂದರು.

ಮುಂದಿನ ಗುರುವಾರ ಬೆಳಿಗ್ಗೆ ಆರಕ್ಕೆ ಎರಡೂ ರೋಲು ತಿರುಗತೊಡಗಿದವು. ಅಪ್ಪ ಎದುರಿಗೆ ಒಂದು ಚೀಲದ ಮೇಲೆ ಕೂತವನು ಏಳಲಿಲ್ಲ. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯನ್ನು ಅಲ್ಲೇ ತಿಂದೆವು. ಮಿಲ್ಲಿನ ಹಮಾಲರು ಹೋಗುತ್ತ ಬರುತ್ತ ನಮ್ಮನ್ನು ನೋಡಿ ನಗುತ್ತಿದ್ದರು. ಕರೆಂಟು ಅಂದು ಮೋಸ ಮಾಡಲಿಲ್ಲ. ಮಧ್ಯಾಹ್ನವಾಯಿತು, ಮೂರಾಯಿತು. ತೌಡಿನ ಧೂಳಿನಲ್ಲಿ ಎಲ್ಲರ ಹುಬ್ಬೂ ಬೆಳ್ಳಗಾಗಿದ್ದವು. ಅಮರಗುಂಡಪ್ಪನವರು ಮೂರೂವರೆಗೆ ಬಂದು ರೋಲು ನೋಡಿ, ನನ್ನ ಮುಖ ನೋಡಿ, ಕುರ್ಚಿ ಎಳೆದುಕೊಂಡು ಕೂತರು.

ನಾಲ್ಕಾಯಿತು, ಹನ್ನೊಂದನೆಯ ತಾಸು ಶುರುವಾಯಿತು. ಲೆಕ್ಕದ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ತೊಳೆದ ಹೆಬ್ಬೆರಳಿನ ರೋಲು ನೋಡಲು ಮಾತ್ರ ಧೈರ್ಯ ಸಾಲಲಿಲ್ಲ. ಅಪ್ಪನ ಕೈ ನಿಜವಾಗಿ ನಡುಗಿದ್ದರೆ ಅದೂ ಏಳುತ್ತಿತ್ತು, ಆಗ ಅವನನ್ನು ಮನೆಗೆ ಕರೆದೊಯ್ಯುವುದು ಹೇಗೆ ಎಂದು ಒಳಗೊಳಗೇ ಹೆದರಿದ್ದೆ.

ನಾಲ್ಕು ನಲವತ್ತಕ್ಕೆ ಯಂತ್ರದ ಸದ್ದು ಬದಲಾಯಿತು. ಟಪ್, ಟಪ್, ಟಪ್. ಗೋಪಣ್ಣನವರು ಓಡಿ ಸ್ವಿಚ್ಚು ಆರಿಸಿದರು. ಮುಚ್ಚಳ ತೆಗೆದರೆ ನಿಧಾನದ ರೋಲಿನ ನಟ್ಟನಡುವೆ ರಬ್ಬರು ಬಾಯಿ ಬಿಟ್ಟಿತ್ತು. ಕೆಳಗೆ ಕಬ್ಬಿಣದ ಮೇಲೆ ಹೆಬ್ಬೆರಳಿನ ಕಲೆ ಅಚ್ಚಾಗಿ ಕಾಣುತ್ತಿತ್ತು.

"ಹರೀತು!" ಎಂದು ಅಪ್ಪ ಕೂಗಿದ. ಕೂತಲ್ಲಿಂದ ಜಿಗಿದೆದ್ದು ಎರಡೂ ಕೈ ಮೇಲೆತ್ತಿ, "ಹರೀತವ್ವಾ, ಹರೀತು! ಹೇಳಿದ ತಾಸಿಗೇ ಹರೀತು!" ಎಂದು ಮಿಲ್ಲೆಲ್ಲ ಕೇಳುವಂತೆ ಕೂಗಿದ.

ಅಮರಗುಂಡಪ್ಪನವರು ಇನ್ನೊಂದು ರೋಲಿನ ಮೇಲೆ ಅಂಗೈ ಇಟ್ಟು ಪೂರ್ತಿ ಒಂದು ಸುತ್ತು ಸವರಿದರು. ಅಂಚು, ನಡು, ಮತ್ತೆ ಅಂಚು. ಎಲ್ಲೂ ಒಂದು ಉಬ್ಬೂ ಸಿಗಲಿಲ್ಲ. ಜೇಬಿನಿಂದ ಫೋನು ತೆಗೆದು, ನಮಗೆ ಬೆನ್ನು ಮಾಡಿ ನಿಂತು, ಹೈದರಾಬಾದಿನವನಿಗೆ ಬರುವುದು ಬೇಡ ಎಂದು ಹೇಳಿದರು. ಆಮೇಲೆ ತಿರುಗಿ ಅಪ್ಪನಿಗೆ, "ಸೋಮವಾರ ಮೂವತ್ತು ಡ್ರಮ್ ಬರ್ತಾವ. ಆ ಚೀಲ ಮನ್ಯಾಗ ಇಟ್ಟು ಬಾ" ಎಂದರು. ಅವರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸದ್ದು ಕೇಳಿ ಹಮಾಲರೆಲ್ಲ ಸೇರಿದ್ದರು. ಅವರಲ್ಲಿ ಭೀಮೇಶನೆಂಬವನು ಹರಿದ ರೋಲನ್ನೂ ಕುಣಿಯುತ್ತಿದ್ದ ಅಪ್ಪನನ್ನೂ ನೋಡಿ ಕೇಳಿದ: "ಏನ್ ಲಾಲಪ್ಪಣ್ಣಾ, ನೀ ಮಾಡಿದ ರೋಲ್ ಹರಿದ್ರ ನಿನಗ ಇಷ್ಟು ಖುಷಿ ಏನು?"

"ಹರಿದದ್ದು ನನ್ನ ತಪ್ಪಿಗೆ" ಎಂದ ಅಪ್ಪ, ನನ್ನ ಹೆಗಲ ಮೇಲೆ ಕೈಯಿಟ್ಟು. "ಹನ್ನೊಂದನೇ ತಾಸಿಗೇ ಹರಿದದ್ದು ನನ್ನ ಮಗಳ ಲೆಕ್ಕಕ್ಕ."